ಹಾಯಿ ಕಯಾಕ್ ಎಳೆಯಲು ಹಳೇ ಟ್ರೇಲರ್: ಗೋವಾದ ವಾಸ್ಕೋದಲ್ಲಿ ಮಾಡಿದ ರಿಪೇರಿ

ಹಾಯಿ ಕಟ್ಟಿದ ಸಣ್ಣ ಕಯಾಕ್ ದೋಣಿಯನ್ನು ಕಾರಿನ ಹಿಂದೆ ಎಳೆದುಕೊಂಡು ಹೋಗ್ತೀನಿ ಅಂದರೆ ಜನ ಮೊದಲು ಕೇಳೋದು ಇಂಜಿನ್ ತಡೆಯುತ್ತಾ ಅಂತ. ಇಂಜಿನ್ನಿಗೆ ಈ ಭಾರ ಗೊತ್ತೂ ಆಗಲ್ಲ. ನನ್ನ ಕಯಾಕ್ 4.9 ಮೀಟರ್ ಉದ್ದ. ಪಕ್ಕದ ಎರಡು ತೇಲುಗಳು, ಮಾಸ್ಟ್ (ಹಾಯಿ ಕಟ್ಟೋ ಕಂಬ), ಹಾಯಿ, ಚುಕ್ಕಾಣಿ ಎಲ್ಲ ಸೇರಿ 75 ಕೆ.ಜಿ. ಟ್ರೇಲರ್ 95 ಕೆ.ಜಿ. ಲಂಗರು, ಹಗ್ಗ, ಲೈಫ್ ಜಾಕೆಟ್, ನೀರಿನ ಕ್ಯಾನ್ ಅಂತ ಇನ್ನೊಂದು 20. ಒಟ್ಟು 190 ಕೆ.ಜಿ.; ಹಿಂದಿನ ಸೀಟಿನಲ್ಲಿ ಮೂರು ಜನ ಕೂತರೆ ಆಗೋ ತೂಕ. ತಲೆನೋವು ಇರೋದು ಟ್ರೇಲರ್ ಹಗುರ ಅನ್ನೋದರಲ್ಲೇ. ಹಗುರವಾದ ಟ್ರೇಲರಿಗೆ ಗಟ್ಟಿ ಸ್ಪ್ರಿಂಗ್ ಇದ್ದರೆ ಹಂಪ್ ಬಂದಾಗೆಲ್ಲ ಚಕ್ರ ನೆಲ ಬಿಡುತ್ತೆ. ಕಾರಿಗೆ ಸಿಕ್ಕಿಸೋ ಮೂತಿಯ ಮೇಲೆ ತೂಕ ಕಮ್ಮಿಯಾದರೆ ಬಾಲ ಅಲ್ಲಾಡುತ್ತೆ. ಇನ್ನು ಉಪ್ಪುನೀರು ಒಳಗೆ ಹೋಯಿತೋ, ಬೇರಿಂಗ್ ಕಥೆ ಮುಗಿದ ಹಾಗೆ. ಈ ಮೂರು ಸರಿಯಾದರೆ ಸಾಧಾರಣ ಕಾರಿನ ಹಿಂದೆ ದೋಣಿ ನೆಮ್ಮದಿಯಾಗಿ ಬರುತ್ತೆ.

ಕಾಗದಪತ್ರದ ಮಾತು ಮೊದಲು ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರು ವಾಹನ ಅನ್ನೋ ವ್ಯಾಖ್ಯೆಯೊಳಗೇ ಟ್ರೇಲರ್ ಕೂಡ ಬರುತ್ತೆ. ಇಂಜಿನ್ ಇಲ್ಲ ಅಂತ ಅದನ್ನು ಕೈಗಾಡಿ ಲೆಕ್ಕದಲ್ಲಿ ರಸ್ತೆಗೆ ಇಳಿಸೋ ಹಾಗಿಲ್ಲ. ಆದ್ದರಿಂದ ಪೈಪ್ ತಂದು ಹೊಸದಾಗಿ ವೆಲ್ಡ್ ಮಾಡಿಸೋ ಯೋಚನೆ ಬಿಟ್ಟು, ನೋಂದಣಿ ಇರೋ ಹಳೇ ಟ್ರೇಲರನ್ನೇ ಹುಡುಕಿದೆ. ಬೀಚಿನಲ್ಲಿ ವಾಟರ್ ಸ್ಕೂಟರ್ ಓಡಿಸುವವರೊಬ್ಬರು ಮಾರುತ್ತಿದ್ದರು. ಆರ್‌ಟಿಓದಲ್ಲಿ ಹೆಸರು ಬದಲಾಯಿಸಿಕೊಂಡ ಮೇಲೇ ಸ್ಪ್ಯಾನರ್ ಹಿಡಿದದ್ದು. ಚಾಸಿ ನಂಬರ್ ಹೊಡೆದ ಜಾಗವನ್ನಾಗಲಿ, ಫ್ರೇಮಿನ ಉದ್ದ ಅಗಲವನ್ನಾಗಲಿ ಮುಟ್ಟಿಲ್ಲ. ಬಿಚ್ಚಿದ್ದು, ಬದಲಿಸಿದ್ದು ಎಲ್ಲ ನಟ್-ಬೋಲ್ಟಿನ ಮೇಲೆ ಕೂತಿರೋ ಭಾಗಗಳನ್ನು ಮಾತ್ರ.

ಕಾರು ಹಳೇ ಡೀಸೆಲ್ ಡಸ್ಟರ್. ನಿಮ್ಮದು ಯಾವುದೇ ಇರಲಿ, ಕೈಪಿಡಿಯಲ್ಲಿ ಟ್ರೇಲರ್ ಬಗ್ಗೆ ಏನು ಬರೆದಿದೆ ಅಂತ ಮೊದಲು ಓದಿ. ಎಳೆಯಬೇಡಿ ಅಂತ ಕಂಪನಿಯವರೇ ಬರೆದಿದ್ದರೆ ಆ ಕಾರನ್ನು ಬಿಟ್ಟುಬಿಡಿ. ಟ್ರೇಲರ್ ಸಿಕ್ಕಿಸೋ ಕೊಂಡಿ ಬಂಪರಿಗೆ ಕೂರಿಸೋ ವಸ್ತು ಅಲ್ಲ. ಬಂಪರ್ ಬಿಚ್ಚಿ, ಒಳಗಿನ ಚಾಸಿಯ ಎರಡು ಕಾಲುಗಳಿಗೆ ಬೋಲ್ಟ್ ಆಗಬೇಕು. ಟ್ರೇಲರಿನ ಮೂತಿ ಕೂರೋದು ಕೊಂಡಿಯ ಗುಂಡಿನ ಮೇಲೆ, ಅದರ ಅಳತೆಯನ್ನು ವರ್ನಿಯರ್ ಹಿಡಿದೇ ನೋಡಬೇಕು. 50 ಮಿ.ಮೀ. ಗುಂಡೂ ಸಿಗುತ್ತೆ, ಎರಡು ಇಂಚಿನದೂ ಸಿಗುತ್ತೆ, ಅಂದರೆ 50.8. ಕಣ್ಣಿಗೆ ಎರಡೂ ಒಂದೇ. 50ರ ಗುಂಡಿಗೆ ಮಾಡಿದ ಮೂತಿಯ ಬಟ್ಟಲು ಎರಡು ಇಂಚಿನ ಗುಂಡಿನ ಮೇಲೆ ಪೂರ್ತಿ ಕೂರದೆ, ಲಾಕ್ ಆದ ಹಾಗೆ ಕಾಣಿಸುತ್ತೆ. ಅದು ಬಹಳ ಅಪಾಯ.

ಹಬ್ ಬಿಚ್ಚಿದಾಗ

ಕೆಲಸ ಶುರು ಮಾಡಿದ್ದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಕಡಲಿಗೆ ಸಣ್ಣ ಹಾಯಿ ದೋಣಿ ಇಳಿಸೋ ಮಾತೇ ಇಲ್ಲ, ಹಾಗಾಗಿ ಟ್ರೇಲರ್ ಬಿಚ್ಚಿ ಹರಡಿಕೊಂಡು ಕೂರೋಕೆ ಅದೇ ಒಳ್ಳೇ ಸಮಯ.

ಜಾಕ್ ಹಾಕಿ ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ಎಡಗಡೆಯದು ಮರಳು ಅರೆದ ಸದ್ದು ಮಾಡಿತು. ಬಲಗಡೆಯದು ಸದ್ದು ಮಾಡಲಿಲ್ಲ, ಆದರೆ ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅಂತಿತ್ತು. ಎಡಗಡೆಯ ಹಬ್ಬಿನ (ಚಕ್ರದ ಮಧ್ಯೆ ಬೇರಿಂಗ್ ಕೂರೋ ಭಾಗ) ಡಸ್ಟ್ ಕ್ಯಾಪನ್ನು ಸ್ಕ್ರೂಡ್ರೈವರಿನಿಂದ ಸುತ್ತ ತಟ್ಟಿ ತೆಗೆದರೆ ಒಳಗಿನ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ನೀರು ಬೆರೆತ ಗ್ರೀಸಿನ ಗುರುತು ಅದು. ನಟ್ ಕಳಚದ ಹಾಗೆ ಹಿಡಿಯೋ ಸ್ಪ್ಲಿಟ್ ಪಿನ್ ತುಕ್ಕು ಹಿಡಿದು ಅರ್ಧಕ್ಕೇ ಮುರಿಯಿತು. ಹೊರಗಿನ ಬೇರಿಂಗ್ ಕೈಗೆ ಬಂದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ರೋಲರುಗಳ ಮೇಲೆ ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ಸಣ್ಣ ಗುಳಿ, ಒಂದು ಅಂಚಿನಲ್ಲಿ ನೀಲಿ ಛಾಯೆ. ಗುಳಿ ತುಕ್ಕಿನದು, ನೀಲಿ ಕಾದು ಹೋದದ್ದು. ಅಂಥ ಬೇರಿಂಗನ್ನು ಗ್ರೀಸ್ ತುಂಬಿ ಮತ್ತೆ ಹಾಕೋದರಲ್ಲಿ ಅರ್ಥ ಇಲ್ಲ.

ನೀರು ಒಳಗೆ ಹೋಗೋ ದಾರಿ ಇದು. ಹೈವೇಯಲ್ಲಿ ಬಂದ ಹಬ್ ಬಿಸಿಯಾಗಿರುತ್ತೆ, ಒಳಗಿನ ಗಾಳಿ ಹಿಗ್ಗಿರುತ್ತೆ. ಬಂದ ಕೂಡಲೇ ನೀರಿಗೆ ಇಳಿಸಿದರೆ ಹಬ್ ತಣ್ಣಗಾಗಿ ಗಾಳಿ ಕುಗ್ಗುತ್ತೆ, ಸವೆದ ಆಯಿಲ್ ಸೀಲಿನ ಸಂದಿನಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತೆ. ವಾಟರ್ ಸ್ಕೂಟರ್ ಭಾರಿ ವಸ್ತುವಾದ್ದರಿಂದ ಟ್ರೇಲರನ್ನೇ ಮುಳುಗಿಸಿ ತೇಲಿಸಬೇಕು. ನಮ್ಮದಕ್ಕೆ ಆ ಕಷ್ಟ ಇಲ್ಲ. ತೇಲು, ಮಾಸ್ಟ್ ಬಿಚ್ಚಿದ ದೋಣಿಯನ್ನು ಇಬ್ಬರು ಎತ್ತಿ ಇಡಬಹುದು. ಆದ್ದರಿಂದ ನನ್ನ ಟ್ರೇಲರಿನ ಹಬ್ ನೀರು ಮುಟ್ಟಲ್ಲ ಅನ್ನೋದನ್ನು ನಿಯಮವಾಗಿಯೇ ಇಟ್ಟುಕೊಂಡಿದೀನಿ.

ಎರಡೂ ಕಡೆ ಒಳ-ಹೊರಗಿನ ಬೇರಿಂಗ್, ಅದು ಕೂರೋ ಉಕ್ಕಿನ ಕಪ್, ಆಯಿಲ್ ಸೀಲ್ ಎಲ್ಲ ಹೊಸದು ಹಾಕಿದೆ. ನೀರಿಗೆ ತೊಳೆದು ಹೋಗದ ಮರೀನ್ ಗ್ರೀಸನ್ನು ಅಂಗೈಯಲ್ಲಿ ತೆಗೆದುಕೊಂಡು, ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ಮೇಲಿನ ಸಂದಿನಿಂದ ಗ್ರೀಸ್ ಹೊರಬರೋವರೆಗೆ ತುಂಬಬೇಕು. ಮೇಲೆ ಸವರಿದರೆ ಸಾಲದು. ನಟ್ ಬಿಗಿ ಮಾಡುವಾಗ ಇನ್ನೊಂದು ಕೈಯಲ್ಲಿ ಹಬ್ಬನ್ನು ತಿರುಗಿಸುತ್ತಲೇ ಇರಬೇಕು. ತಿರುಗೋದು ಭಾರ ಅನ್ನಿಸಿದಾಗ ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು, ಬೆರಳಿನಲ್ಲಿ ಬಿಗಿಸಿ, ಹತ್ತಿರದ ತೂತಿಗೆ ಹೊಸ ಸ್ಪ್ಲಿಟ್ ಪಿನ್ ಹಾಕೋದು. ಮೊದಲ ಓಟದಲ್ಲಿ ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಹಬ್ಬಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಿದ್ದರೆ ನಟ್ ಬಿಗಿ ಜಾಸ್ತಿ ಆಗಿದೆ.

ಸ್ಪ್ರಿಂಗ್ ಪಟ್ಟಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು. ವಾಟರ್ ಸ್ಕೂಟರ್ 350 ಕೆ.ಜಿ. ಆಸುಪಾಸು ತೂಗುತ್ತೆ, ಅದಕ್ಕೆ ತಕ್ಕ ಹಾಗೆ ಸ್ಪ್ರಿಂಗಿನಲ್ಲಿ ಪ್ರತಿ ಬದಿಗೆ ಒಂದರ ಮೇಲೊಂದು ಜೋಡಿಸಿದ ಐದೈದು ಪಟ್ಟಿ ಇತ್ತು. ಟ್ರೇಲರಿನ ಹಿಂದಿನ ಅಂಚಿನ ಮೇಲೆ ನಾನು ಪೂರ್ತಿ ಮೈಭಾರ ಹಾಕಿ ಕುಕ್ಕಿದರೂ ಅದು ಜಗ್ಗಲಿಲ್ಲ. ಅಂದರೆ ನನ್ನ ಕಯಾಕಿಗೆ ಅದು ಸ್ಪ್ರಿಂಗೇ ಅಲ್ಲ, ಬರೀ ಕಬ್ಬಿಣ.

ಝುವಾರಿ ನಗರದಲ್ಲಿ ಬದಾಮಿ ಕಡೆಯ ವೆಲ್ಡರ್ ಕಾಕಾ ಇದ್ದಾರೆ. ನಿಷೇಧದ ದಿನಗಳಲ್ಲಿ ಅವರಿಗೆ ದಡಕ್ಕೆ ಹಾಕಿದ ಟ್ರಾಲರುಗಳ, ಅಂದರೆ ಮೀನು ಹಿಡಿಯೋ ದೋಣಿಗಳ, ಕೆಲಸವೇ ಕೈತುಂಬ ಇರುತ್ತೆ, ಆದರೂ ಬಂದು ನೋಡಿದರು.

“ತಮ್ಮಾ, ಇದರ ಮ್ಯಾಲ ಏನ್ ಹೇರತೀ?”

ಹೇಳಿದೆ.

“ಎಪ್ಪತ್ತೈದು ಕೆಜಿಗೆ ಐದು ಪಟ್ಟಿ ಯಾಕ ಬೇಕು? ಬರೇ ಜಿಗಿದಾಡತೈತಿ. ಮೂರು ತಗದು ಬಿಡು.”

“ಎರಡರ ಮೇಲೆ ನಿಲ್ಲುತ್ತಾ ಕಾಕಾ?”

“ನಿಲ್ಲತೈತಿ. ಮೇನ್ ಪಟ್ಟಿ ಕಟ್ ಆದ್ರ ಹಿಡಿಯಾಕ ಎರಡನೇದು ಇರಬೇಕು, ಅದನ್ನ ಮಾತ್ರ ತಗೀಬ್ಯಾಡ.”

ಅವರು ಹೇಳಿದ್ದು ಲೆಕ್ಕಕ್ಕೂ ಸರಿಯಾಗಿ ಕೂರುತ್ತೆ. ಪಟ್ಟಿಗಳ ಸ್ಪ್ರಿಂಗಿನ ಗಟ್ಟಿತನ ಹೆಚ್ಚುಕಮ್ಮಿ ಪಟ್ಟಿಗಳ ಸಂಖ್ಯೆಗೆ ತಕ್ಕಂತೆ ಇರುತ್ತೆ. ಐದರಲ್ಲಿ ಎರಡು ಉಳಿಸಿದರೆ ಸುಮಾರು ನಲವತ್ತು ಶೇಕಡಾಕ್ಕೆ ಇಳಿಯುತ್ತೆ. ತೆಗೆದ ಮೂರು ಪಟ್ಟಿಗಳ ದಪ್ಪಕ್ಕೆ ಸರಿಯಾಗಿ ಒಂದು ಕಬ್ಬಿಣದ ತುಂಡು ಕೊಯ್ದು, ಮಧ್ಯೆ ತೂತು ಹೊಡೆದು, ಪಟ್ಟಿಗಳನ್ನು ಚಕ್ರದ ಆಕ್ಸಲಿಗೆ ಬಿಗಿಯೋ ಯು-ಬೋಲ್ಟಿನ ಕೆಳಗೆ ಕೂರಿಸಿಕೊಟ್ಟರು. ಇದರಿಂದ ಯು-ಬೋಲ್ಟ್ ಹಳೆಯ ಜಾಗದಲ್ಲೇ ಬಿಗಿಯಾಗುತ್ತೆ, ಫ್ರೇಮಿನ ಎತ್ತರವೂ ಹೆಚ್ಚು ಬದಲಾಗಲ್ಲ. ಪಟ್ಟಿಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿದೆ. ಈಗ ಹಿಂದಿನ ಅಂಚು ಒತ್ತಿದರೆ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಹೋಗಿ ಮೇಲೆ ಬರುತ್ತೆ.

ಟಯರೂ ಸ್ಪ್ರಿಂಗಿನ ಒಂದು ಭಾಗವೇ. ನನ್ನದು 145/80 ಆರ್12, ಪಕ್ಕದಲ್ಲಿ 74 ಅಂತ ಅಚ್ಚಾಗಿದೆ. ಅಂದರೆ ಒಂದೊಂದು ಟಯರ್ 375 ಕೆ.ಜಿ. ಹೊರಬಲ್ಲದು. ನನ್ನ ಟ್ರೇಲರಿನಲ್ಲಿ ಅದರ ಮೇಲೆ ಬೀಳೋದು 90 ಕೆ.ಜಿ.ಗೂ ಕಮ್ಮಿ. ಕಾರಿಗೆ ಹಾಕೋ ಹಾಗೆ 30 ಪಿಎಸ್‌ಐ ಗಾಳಿ ಹಾಕಿದರೆ ಅದು ಪುಟಿಯೋ ಚೆಂಡು. 20ಕ್ಕೆ ಇಳಿಸಿದೆ.

ಮೂತಿಯ ತೂಕ

ಟ್ರೇಲರಿನ ಮೂತಿ ಕಾರಿನ ಗುಂಡಿನ ಮೇಲೆ ಎಷ್ಟು ಒತ್ತುತ್ತೆ ಅನ್ನೋದೇ ರಸ್ತೆಯಲ್ಲಿ ಅದರ ನಡತೆಯನ್ನು ನಿರ್ಧರಿಸುತ್ತೆ. ಒಟ್ಟು ತೂಕದ ಹತ್ತನೇ ಒಂದು ಭಾಗದ ಹತ್ತಿರ ಇದ್ದರೆ ಒಳ್ಳೆಯದು. ತೀರಾ ಕಮ್ಮಿ ಇದ್ದರೆ ಭಾರವೆಲ್ಲ ಹಿಂದಕ್ಕೆ ಹೋಗಿ, ಒಂದು ವೇಗ ದಾಟಿದ ಮೇಲೆ ಬಾಲ ಎಡಕ್ಕೂ ಬಲಕ್ಕೂ ಹೊಡೆಯೋಕೆ ಶುರುವಾಗುತ್ತೆ.

ಅಳೆಯೋಕೆ ಮನೆಯಲ್ಲಿ ಮೈತೂಕ ನೋಡೋ ಮಾಪಕ ಸಾಕು. ನೆಲ ಸಮ ಇರಬೇಕು, ದೋಣಿ ಮತ್ತು ಸಾಮಾನು ಪೂರ್ತಿ ಹೇರಿರಬೇಕು, ಮೂತಿ ಗುಂಡಿನ ಎತ್ತರದಲ್ಲೇ ಇರಬೇಕು. ಮಾಪಕದ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂತಿ ಇಟ್ಟೆ. 6 ಕೆ.ಜಿ. ತೋರಿಸಿತು, 190ಕ್ಕೆ ಅದು ಏನೇನೂ ಅಲ್ಲ. ಈ ಫ್ರೇಮಿನಲ್ಲಿ ಆಕ್ಸಲನ್ನು ಸರಿಸೋಕೆ ಬರುತ್ತೆ. ಸ್ಪ್ರಿಂಗಿನ ಬ್ರಾಕೆಟ್ಟುಗಳು ಬೋಲ್ಟಿನ ಮೇಲೆ ಕೂತಿವೆ. ಎರಡೂ ಕಡೆ ಸಮವಾಗಿ 20 ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆ. ಮೂತಿಯಿಂದ ಎರಡು ಚಕ್ರಗಳ ಮಧ್ಯಕ್ಕೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಅಂತ ಖಾತ್ರಿ ಮಾಡಿಕೊಂಡ ಮೇಲೆ ಬೋಲ್ಟ್ ಬಿಗಿ ಮಾಡಿದ್ದು. ಅಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ ಟ್ರೇಲರ್ ಜೀವನಪೂರ್ತಿ ಓರೆಯಾಗಿ ನಡೆದು ಟಯರ್ ಸವೆಸುತ್ತೆ. ಮತ್ತೆ ತೂಗಿದರೆ 16 ಕೆ.ಜಿ. ನೀರಿನ ಕ್ಯಾನು, ಲಂಗರನ್ನು ಮುಂದಿನ ಪೆಟ್ಟಿಗೆಗೆ ವರ್ಗಾಯಿಸಿದ ಮೇಲೆ ಇನ್ನೂ ಸ್ವಲ್ಪ ಏರಿತು.

ಆಕ್ಸಲ್ ಹಿಂದೆ ಹೋದದ್ದರಿಂದ ರಿವರ್ಸ್ ಕೂಡ ಸುಲಭವಾಯಿತು. ಮೂತಿಯಿಂದ ಆಕ್ಸಲಿನ ದೂರ ಹೆಚ್ಚಿದಷ್ಟೂ ಟ್ರೇಲರ್ ನಿಧಾನವಾಗಿ ತಿರುಗುತ್ತೆ, ಡ್ರೈವರಿಗೆ ಸರಿಪಡಿಸೋಕೆ ಸಮಯ ಸಿಗುತ್ತೆ.

ದೋಣಿ ಕೂರೋ ಜಾಗ

ಕಯಾಕಿನ ಮೈ ಪಾಲಿಥೀನು. ಬಿಸಿಲಿಗೆ ಮೆತ್ತಗಾಗುತ್ತೆ, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ತಗ್ಗು ಬೀಳುತ್ತೆ. ಗೋವಾದ ಏಪ್ರಿಲ್ ಬಿಸಿಲಲ್ಲಿ ಕಬ್ಬಿಣದ ಪೈಪಿನ ಮೇಲೆ ನೇರ ಇಟ್ಟರೆ ಸಂಜೆಗೆ ಗುರುತು ಗ್ಯಾರಂಟಿ. ಗುಜರಿಯಲ್ಲಿ ಅದಿರು ಸಾಗಿಸೋ ಕನ್ವೇಯರ್ ಬೆಲ್ಟಿನ ತುಂಡುಗಳು ಸಿಕ್ಕವು. ಅದನ್ನು ಎರಡು ಕಡೆ ಜೋಲಿಯ ಹಾಗೆ ಅಡ್ಡ ಕಟ್ಟಿದೆ. ದೋಣಿಯ ಎರಡೂ ತುದಿಯಿಂದ ಉದ್ದದ ನಾಲ್ಕನೇ ಒಂದು ಭಾಗ ಒಳಗೆ. ಅಲ್ಲಿ ಆಧಾರ ಕೊಟ್ಟರೆ ಮಧ್ಯೆಯೂ ಜೋಲಲ್ಲ, ತುದಿಯೂ ಬಾಗಲ್ಲ. ಬೆಲ್ಟ್ ತಾನೇ ಮೈಯ ಆಕಾರಕ್ಕೆ ಕೂತುಕೊಳ್ಳುತ್ತೆ.

ಕಟ್ಟೋಕೆ ರ‍್ಯಾಚೆಟ್ ಬೇಡವೇ ಬೇಡ. ಹಿಡಿಕೆ ಆಡಿಸಿ ಬಿಗಿಸೋ ಪಟ್ಟಿ ಅದು, ಬಲ ಜಾಸ್ತಿ, ದೋಣಿಯ ಮೈಯನ್ನೇ ಹಿಸುಕುತ್ತೆ. ಕೈಯಲ್ಲಿ ಎಳೆದು ಬಿಗಿಸೋ ಕ್ಯಾಮ್ ಬಕಲ್ ಪಟ್ಟಿಗಳು ಎರಡು, ಮೂತಿಗೊಂದು ಬಾಲಕ್ಕೊಂದು ಹಗ್ಗ ಬೇರೆ. ಪಟ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿದರೆ ಗಾಳಿಗೆ ಗುಂಯ್‌ಗುಡಲ್ಲ. ಪಕ್ಕದ ತೇಲುಗಳನ್ನು ಬಿಚ್ಚಿ ದೋಣಿಯ ಅಡಿಯಲ್ಲಿ ಮಲಗಿಸ್ತೀನಿ, ಮಾಸ್ಟನ್ನು ದೋಣಿಯ ಮೇಲೆ. ಹಿಂದಿನ ತುದಿಗೆ ಕೆಂಪು ಬಟ್ಟೆ, ರಾತ್ರಿಯಾದರೆ ಕೆಂಪು ದೀಪ.

ಲೈಟು ಕುಣಿಯೋ ಕಾಯಿಲೆ

ಹಳೇ ಟ್ರೇಲರುಗಳಲ್ಲಿ ಸಾಮಾನ್ಯವಾದ ಕಾಯಿಲೆ: ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಾಲದ ದೀಪವೂ ಮಿನುಗುತ್ತೆ, ಬ್ರೇಕ್ ಒತ್ತಿದರೆ ಎಲ್ಲ ಮಂಕು. ನನ್ನದರಲ್ಲೂ ಅದೇ ಇತ್ತು. ಕಾರಣ ಅರ್ಥಿಂಗ್. ಅರ್ಥಿಂಗಿನ ಬಿಳಿ ತಂತಿ ಎಲ್ಲೋ ತುಂಡಾಗಿ, ಕರೆಂಟು ಕೊಂಡಿಯ ಗುಂಡಿನ ಮೂಲಕ ವಾಪಸು ಹೋಗುತ್ತಿತ್ತು. ಗುಂಡಿಗೆ ಗ್ರೀಸು, ತುಕ್ಕು, ಮರಳು. ಅಲ್ಲಿ ಸಂಪರ್ಕ ನಿಮಿಷಕ್ಕೊಂದು ರೀತಿ.

ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೆದೆ. ಏಳು ಪಿನ್ನಿನ ಪ್ಲಗ್ಗಿಗೆ ನಿಗದಿಯಾದ ಬಣ್ಣಗಳಿವೆ: 1 ಹಳದಿ ಎಡ ಇಂಡಿಕೇಟರ್, 2 ನೀಲಿ ಹಿಂದಿನ ಮಂಜುದೀಪ, 3 ಬಿಳಿ ಅರ್ಥ್, 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲದ ಬಾಲದೀಪ, 6 ಕೆಂಪು ಬ್ರೇಕ್, 7 ಕಪ್ಪು ಎಡದ ಬಾಲದೀಪ. ಈ ಕ್ರಮ ಬಿಟ್ಟು ಸ್ವಂತದ್ದು ಮಾಡಬೇಡಿ, ನಾಳೆ ಇನ್ನೊಬ್ಬರ ಕಾರಿಗೆ ಕಟ್ಟಬೇಕಾದಾಗ ಪರದಾಡಬೇಕಾಗುತ್ತೆ. ಬಿಳಿ ತಂತಿಯನ್ನು ಮಾತ್ರ ಉಳಿದವಕ್ಕಿಂತ ದಪ್ಪ ಹಾಕಿ, ಪ್ರತಿ ದೀಪದಿಂದಲೂ ನೇರವಾಗಿ ಮೂರನೇ ಪಿನ್ನಿಗೆ ತಂದೆ. ಫ್ರೇಮನ್ನು ಅರ್ಥಿಂಗಿಗೆ ನಂಬಲೇ ಇಲ್ಲ.

ಸಾದಾ ತಾಮ್ರದ ತಂತಿಯ ತುದಿಗೆ ಉಪ್ಪುನೀರು ತಾಗಿದರೆ ಅದು ಹೊದಿಕೆಯೊಳಗೇ ಹತ್ತಿಕೊಂಡು ಹೋಗಿ ಎಷ್ಟೋ ದೂರ ಹಸಿರುಗಪ್ಪಾಗಿಸುತ್ತೆ. ಅದಕ್ಕೇ ತವರ ಲೇಪಿಸಿದ ತಂತಿ. ಜೋಡಣೆಗೆ ಕ್ರಿಂಪ್ ಮಾಡಿ, ಬಿಸಿ ಮಾಡಿದರೆ ಬಿಗಿಯಾಗೋ, ಅಂಟು ಇರೋ ಹೀಟ್-ಶ್ರಿಂಕ್ ಕೊಳವೆ ಹಾಕಿದೆ. ಬೆಸುಗೆ ಹಾಕಿದ ಜಾಗ ಗಡುಸಾಗಿ, ನಡುಗಿ ನಡುಗಿ ಅದರ ಅಂಚಿನಲ್ಲೇ ಮುರಿಯುತ್ತೆ. ಕಾರಿನ ಕಡೆ, ದೀಪದ ತಂತಿಗಳಿಂದ ನೇರ ಕರೆಂಟ್ ಎಳೆಯೋ ಬದಲು ರಿಲೇ (ಸನ್ನೆ ಸಿಕ್ಕಾಗ ಬೇರೆ ಕರೆಂಟನ್ನು ಆನ್ ಮಾಡೋ ಸ್ವಿಚ್) ಹಾಕಿಸಿದೆ. ಬ್ಯಾಟರಿಯಿಂದ ಬೇರೆಯೇ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಕಾರಿನ ದೀಪಗಳು ಸನ್ನೆ ಮಾತ್ರ ಕೊಡುತ್ತವೆ. ಟ್ರೇಲರಿನಲ್ಲಿ ಶಾರ್ಟ್ ಆದರೆ ಕಾರಿನ ದೀಪ ಆರಲ್ಲ.

ಫ್ರೇಮಿಗೆ ತುಕ್ಕು ಕೆರೆದು ಸತುವಿನ ಪ್ರೈಮರ್, ಮೇಲೆ ಎಪಾಕ್ಸಿ. ಬಾಕ್ಸ್ ಪೈಪಿನ ಒಳಗೆ ಬಣ್ಣ ಹೋಗಲ್ಲ, ಆದ್ದರಿಂದ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಹಾಕಿದೀನಿ. ಸಿಹಿನೀರಿನ ಪೈಪು ಒಂದು ತುದಿಗೆ ಹಿಡಿದರೆ ಇನ್ನೊಂದು ತುದಿಯಿಂದ ಉಪ್ಪು ತೊಳೆದು ಬರುತ್ತೆ.

ರಸ್ತೆಯಲ್ಲಿ, ದಡದಲ್ಲಿ

ಹೊರಡೋ ಮೊದಲು ಸೇಫ್ಟಿ ಚೈನುಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕೊಕ್ಕೆ ಹಾಕ್ತೀನಿ. ಕೊಂಡಿ ಕಳಚಿದರೂ ಮೂತಿ ಆ ಅಡ್ಡ ಚೈನಿನ ಮೇಲೆ ಬೀಳುತ್ತೆ, ಡಾಂಬರಿಗೆ ತಿವಿಯಲ್ಲ. ಲಾಕ್ ಹಾಕಿದ ಮೇಲೆ ಮೂತಿಯನ್ನು ಹಿಡಿದು ಮೇಲೆತ್ತಿ ನೋಡಬೇಕು. ಕಾರಿನ ಹಿಂಭಾಗ ಅದರ ಜೊತೆ ಏಳಬೇಕು.

ಗಂಟೆಗೆ 50 ಕಿ.ಮೀ. ಮೇಲೆ ಓಡಿಸಲ್ಲ. ಕೊರ್ತಾಲಿಂನಿಂದ ಆಗಶಿಗೆ ದಾಟೋ ಹೊಸ ಝುವಾರಿ ಸೇತುವೆಯ ಮೇಲೆ ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಅಡ್ಡ ಬಡಿಯುತ್ತೆ, ಅಲ್ಲಿ ಇನ್ನೂ ನಿಧಾನ. ಬಾಲ ಅಲ್ಲಾಡೋಕೆ ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುಗಿಸಬೇಡಿ. ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ತಾನೇ ನಿಲ್ಲುತ್ತೆ. ಸ್ಪ್ರಿಂಗ್, ಆಕ್ಸಲ್ ಕೆಲಸ ಆದ ಮೇಲೆ ಹಂಪಿನಲ್ಲಿ ಕನ್ನಡಿ ನೋಡಿದರೆ ದೋಣಿಯ ಮೂತಿ ಕಾರಿನ ಜೊತೆಗೇ ಏರಿ ಇಳಿಯುತ್ತೆ, ಟ್ರೇಲರ್ ನೆಗೆಯಲ್ಲ. ನನಗೆ ತುಂಬಾ ಖುಷಿ ಕೊಡೋ ನೋಟ ಅದು.

ಟ್ರೇಲರ್ ಕಾರಿಗಿಂತ ಕಿರಿದಾದ್ದರಿಂದ ರಿವರ್ಸಿನಲ್ಲಿ ಕಾಣಿಸೋದೇ ಇಲ್ಲ. ಹಿಂದಿನ ಎರಡು ಮೂಲೆಗೆ ಪಿವಿಸಿ ಪೈಪಿನ ಕಂಬ ನಿಲ್ಲಿಸಿ ಪ್ರತಿಫಲಕ ಟೇಪ್ ಸುತ್ತಿದೆ. ಸ್ಟಿಯರಿಂಗಿನ ಕೆಳಭಾಗ ಹಿಡಿದರೆ, ಕೈ ಯಾವ ಕಡೆ ಹೋಗುತ್ತೋ ಟ್ರೇಲರಿನ ಬಾಲವೂ ಆ ಕಡೆಗೇ. ಜಾಗ ಇಕ್ಕಟ್ಟಾದರೆ ಕೊಂಡಿ ಕಳಚಿ ಕೈಯಲ್ಲೇ ತಳ್ಳಿಬಿಡಿ. 190 ಕೆ.ಜಿ.ಯ ಲಾಭ ಅದು.

ಗೋವಾದಲ್ಲಿ ಬೀಚಿನ ಮರಳಿಗೆ ಕಾರು ಇಳಿಸೋದು ನಿಷಿದ್ಧ, ದಂಡ ಬೀಳುತ್ತೆ. ಕಾರು ರಸ್ತೆಯಲ್ಲೇ ಬಿಟ್ಟು ಟ್ರೇಲರನ್ನು ತಳ್ಳಿಕೊಂಡು ಹೋಗ್ತೀವಿ. ನನಗೆ ಇಷ್ಟವಾದ ಜಾಗ ಝುವಾರಿ ನದಿಯ ಅಳಿವೆಯೊಳಗಿನ ಚಿಕಾಲಿಂ ಕೊಲ್ಲಿ. ಹಳೇ ಗೋವಾ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಅರೆಪಾರದರ್ಶಕ ಚಿಪ್ಪಿನ ಮೃದ್ವಂಗಿಗಳು ಅಲ್ಲಿನ ಕೆಸರಿನಲ್ಲಿವೆ, ಹಾಗಾಗಿ ಇಳಿತದ ಹೊತ್ತಿನಲ್ಲಿ ಆ ಕೆಸರಿನ ಮೇಲೆ ಟ್ರೇಲರ್ ಉರುಳಿಸೋದು ಚಿಪ್ಪಿಗೂ ಕೇಡು, ನಮಗೂ ಕೇಡು. ಅಮಾವಾಸ್ಯೆ-ಹುಣ್ಣಿಮೆ ಆಸುಪಾಸಿನಲ್ಲಿ ಇಲ್ಲಿ ಉಬ್ಬರ ಇಳಿತದ ಅಂತರ ಎರಡು ಮೀಟರ್ ಹತ್ತಿರ ಹೋಗುತ್ತೆ. ಮರ್ಮಗೋವಾ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಉಬ್ಬರಕ್ಕೆ ಒಂದು ಗಂಟೆ ಮೊದಲು ತಲುಪೋ ಹಾಗೆ ಹೊರಡ್ತೀವಿ. ಅಕಸ್ಮಾತ್ ಹಬ್ಬಿಗೆ ನೀರು ತಾಗಿದರೂ ಅಷ್ಟರಲ್ಲಿ ಅದು ತಣ್ಣಗಾಗಿರುತ್ತೆ. ಮಾಸ್ಟ್ ಎತ್ತೋ ಮೊದಲು ಮಾತ್ರ ತಲೆ ಮೇಲೆ ಕರೆಂಟಿನ ತಂತಿ ಇದೆಯಾ ಅಂತ ಇಬ್ಬರೂ ನೋಡ್ತೀವಿ, ಪ್ರತಿಸಲ. ಅಲ್ಯೂಮಿನಿಯಂ ಮಾಸ್ಟ್ ತಂತಿಗೆ ತಾಗಿದರೆ ಮಾತಾಡೋಕೆ ಏನೂ ಉಳಿಯಲ್ಲ.

ಬಾಕಿ ಇರೋದು ಎರಡು ಕೆಲಸ. ಸ್ಟೆಪ್ನಿಗೆ ಫ್ರೇಮಿನ ಮೇಲೆ ಬ್ರಾಕೆಟ್ ಆಗಬೇಕು, ಸದ್ಯಕ್ಕೆ ಡಿಕ್ಕಿಯಲ್ಲಿ ಬರುತ್ತಿದೆ. ಬೇರಿಂಗ್ ತುಂಬಿದ ಒಂದು ಪೂರ್ತಿ ಹಬ್ಬನ್ನು ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಿ ಜೊತೆಗಿಟ್ಟುಕೊಳ್ಳಬೇಕು. ದಾರಿಯಲ್ಲಿ ಬೇರಿಂಗ್ ಹೋದರೆ ಅದರ ಕಪ್ಪನ್ನು ಹಬ್ಬಿನಿಂದ ಬಡಿದು ತೆಗೆಯೋಕೆ ಅಲ್ಲಿ ಸಾಧನ ಇರಲ್ಲ. ಹಬ್ಬನ್ನೇ ಬದಲಿಸಿದರೆ ಅರ್ಧ ಗಂಟೆಯ ಕೆಲಸ.